ಗೋಡೆ ಕತೆ – 4: ‘ಚದರಡಿಗೆ ಎಷ್ಟು?’

ದೀಪಾವಳಿ ಹತ್ತಿರ ಬಂದ್ರೆ ಸಾಕು, ನನ್ನ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. ‘ನಿಮ್ಮಪ್ಪ ಪೇಂಟರ್ ಅಲ್ವಾ? ಚದರಡಿಗೆ ಎಷ್ಟು ತಗೋತಾರೆ?’ ಈ ವಾರ ನಮ್ಮ ಕ್ಲಾಸಿನವರೇ ನಾಲ್ಕು ಜನ ಕೇಳಿದ್ರು. ಗೋಡೆ ಹೆಂಗಿದೆ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಅದಕ್ಕೇ ಈ ಸಲದ ಕ್ಯಾಪ್ಷನ್ ಸ್ವಲ್ಪ ಉದ್ದ. ಅಪ್ಪ ಹೇಳಿದ್ದು, ರಜೆಯಲ್ಲಿ ಎಮರಿ ಪೇಪರ್ ಹಿಡಿದು ಗೋಡೆ ಉಜ್ಜುವಾಗ ನಾನೇ ಕಂಡಿದ್ದು, ಎರಡೂ ಸೇರಿಸಿ ಬರೀತಿದ್ದೀನಿ.

ಮೊದಲು ಈ ಚದರಡಿ ಲೆಕ್ಕ. 12 ಅಡಿ ಉದ್ದ, 10 ಅಡಿ ಅಗಲದ ರೂಮು ಅಂದ್ರೆ ನೆಲ 120 ಚದರಡಿ. ಗೋಡೆ 10 ಅಡಿ ಎತ್ತರ ಇದ್ರೆ ನಾಲ್ಕೂ ಗೋಡೆ ಸೇರಿ 440. ಸೀಲಿಂಗ್ ಇನ್ನೊಂದು 120. ಒಟ್ಟು 560! ಒಬ್ಬರು ನೆಲದ ಲೆಕ್ಕದಲ್ಲಿ ರೇಟ್ ಹೇಳಿರ್ತಾರೆ, ಇನ್ನೊಬ್ಬರು ಗೋಡೆ ಲೆಕ್ಕದಲ್ಲಿ. ಬಾಗಿಲು ಕಿಟಕಿ ಜಾಗ ಕಳೀತಾರೋ ಇಲ್ಲವೋ ಅದೂ ಬೇರೆ. ಇದನ್ನೆಲ್ಲ ಕೇಳದೆ ‘ಅವರು ಜಾಸ್ತಿ, ಇವರು ಕಮ್ಮಿ’ ಅಂದ್ರೆ ಅದಕ್ಕೆ ಅರ್ಥಾನೇ ಇಲ್ಲ. ಲೇಬರ್ ಮಾತ್ರಾನಾ, ಮೆಟೀರಿಯಲ್ ಸಮೇತಾನಾ? ಪಟ್ಟಿ ಎಷ್ಟು ಕೋಟು, ಪ್ರೈಮರ್ ಉಂಟಾ, ಮೇಲೆ ಎಮಲ್ಷನ್ ಒಂದು ಕೋಟಾ ಎರಡಾ? ಒಂದು ಹಾಳೆಯಲ್ಲಿ ಬರೆಸ್ಕೊಳ್ಳಿ. ಬರೆದುಕೊಡೋಕೆ ಹಿಂದೇಟು ಹಾಕೋರು ನೀರು ಜಾಸ್ತಿ ಬೆರೆಸಿ ಒಂದೇ ಕೋಟಲ್ಲಿ ಮುಗಿಸಿಬಿಡಬಹುದು, ಅಂಥೋರ ಹತ್ರ ಹುಷಾರು.

ಆಮೇಲೆ ಗೋಡೆ. ನಮ್ಮ ಕಡೆ ಗೋಡೆ ಬೇರೆ ಊರಿನ ಗೋಡೆ ಥರ ಅಲ್ಲ. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು ಮನೆ ಹಿಂದಿನ ಗದ್ದೆಯಲ್ಲೇ ನಿಂತಿರುತ್ತೆ. ತಳಪಾಯ ಆ ತೇವ ಎಳ್ಕೊಳ್ಳುತ್ತೆ. ನೆಲದಿಂದ ಎರಡು ಮೂರು ಅಡಿವರೆಗೂ ಗೋಡೆ ಉಪ್ಪು ಬಿಟ್ಟು, ಬಣ್ಣ ಹಪ್ಪಳದ ಥರ ಎದ್ದು ಬರುತ್ತೆ. ಬಣ್ಣ ಕಳಪೆ ಅಂತ ಎಲ್ಲರೂ ಕಂಪನಿಗೆ ಬೈತಾರೆ. ತಪ್ಪು ಎಷ್ಟೋ ಸಲ ನೀರಿಂದು.

ಅಪ್ಪ ಇದನ್ನ ನೋಡೋ ರೀತಿ ಸುಲಭ, ನೀವೂ ಮಾಡಬಹುದು. ಪ್ಲಾಸ್ಟಿಕ್ ಹಾಳೆಯೊಂದನ್ನ ಗೋಡೆಗೆ ಇಟ್ಟು ನಾಲ್ಕು ಕಡೆಯೂ ಟೇಪ್ ಅಂಟಿಸಿ ಒಂದು ದಿನ ಬಿಡಿ. ಗೋಡೆ ಕಡೆ ಮುಖಕ್ಕೆ ಹನಿ ಕಟ್ಟಿದ್ರೆ ತೇವ ಒಳಗಿಂದಲೇ ಬರ್ತಿದೆ. ಇನ್ನೊಂದು, ಹಳೇ ಸುಣ್ಣದ ಗೋಡೆ ಮೇಲೆ ಅಂಗೈ ಸವರಿ ನೋಡಿ. ಕೈಯೆಲ್ಲ ಬೆಳ್ಳಗಾದ್ರೆ ಮೊದಲು ಅದನ್ನ ಕೆರೆದು ತೆಗೀಲೇಬೇಕು. ಇಲ್ಲಾಂದ್ರೆ ಮೇಲೆ ಹಾಕಿದ ಪಟ್ಟಿ ಸುಣ್ಣದ ಸಮೇತ ಕಿತ್ಕೊಂಡು ಬರುತ್ತೆ. ಹೊಸ ಮನೆಯೋರಿಗೆ ಗೃಹಪ್ರವೇಶದ ಅವಸರ, ಗಾರೆ ಒಣಗೋಕೆ ಒಂದು ತಿಂಗಳಾದರೂ ಬೇಕು ಅಂದ್ರೆ ಕೇಳೋದೇ ಇಲ್ಲ.

ಹೋದ ತಿಂಗಳು ಮಳವಳ್ಳಿ ಕಡೆ ಒಂದು ಮನೆಗೆ ಅಪ್ಪನ ಜೊತೆ ಹೋಗಿದ್ದೆ. ಮದುವೆ ಮನೆ. ಹಿತ್ತಲ ಗೋಡೆ ಮುಟ್ಟಿ ನೋಡಿ ಅಪ್ಪ ಅಂದ್ರು, “ಗೋಡೆ ಬೆವರ್ತಾ ಐತೆ, ಏನ್ ಬಳುದ್ರೂ ನಿಲ್ಲಕಿಲ್ಲ. ಈಗ ಬರೀ ಸುಣ್ಣ ಹೊಡಿಸಿ, ಸುಣ್ಣ ಆದ್ರೆ ಗೋಡೆ ಉಸಿರಾಡ್ತದೆ. ಬೇಸಿಗೇಲಿ ಒಣಗಿದ ಮ್ಯಾಲೆ ಪೇಂಟ್ ಮಾಡಾನ.” ಅಲ್ಲಿದ್ದ ಯಜಮಾನರು ನಕ್ಕುಬಿಟ್ರು. “ಅದೆಲ್ಲ ಬ್ಯಾಡ ಮೇಸ್ತ್ರಿ, ಪಟ್ಟಿ ಮೆತ್ತಿ ಮುಚ್ಬುಡು. ಮದ್ವೆ ದಿನ ಫೋಟೋಲಿ ಚೆಂದಾಗಿ ಕಂಡ್ರೆ ಸಾಕು.” ಅಪ್ಪ ಒಪ್ಪಲಿಲ್ಲ. ಕೆಲಸ ಬೇರೆಯೋರಿಗೆ ಹೋಯ್ತು. ಬಸ್ಸಲ್ಲಿ ಬರುವಾಗ ನನಗೇ ಸಿಟ್ಟು ಬಂದಿತ್ತು, ಆ ದುಡ್ಡಲ್ಲಿ ನನ್ನ ಪರೀಕ್ಷೆ ಫೀಸು ಕಟ್ಟಬೇಕಿತ್ತು. ಅಪ್ಪ ಕಿಟಕಿ ಆಚೆ ನೋಡ್ಕೊಂಡು ಕೂತಿದ್ರು, ಏನೂ ಮಾತಾಡಲಿಲ್ಲ.

ಪೇಂಟರ್ ಫೋನಿನಲ್ಲಿ ತೋರಿಸೋ ಫೋಟೋ ನಂಬಬೇಡಿ (ಫೋಟೋ ಆ್ಯಪಲ್ಲೇ ಇದನ್ನ ಬರೀತಿದ್ದೀನಿ, ನಗಬೇಡಿ). ಎರಡು ಮಳೆಗಾಲ ಕಂಡ ಒಂದು ಮನೆ ತೋರಿಸಿ ಅಂತ ಕೇಳಿ. ಹೋದಾಗ ಹಾಲ್ ನೋಡೋದಲ್ಲ. ಬಾಗಿಲ ಹಿಂದೆ, ಸ್ವಿಚ್ ಬೋರ್ಡ್ ಸುತ್ತ, ಕಿಟಕಿ ಗ್ರಿಲ್ಲಿನ ಅಡಿಭಾಗ, ಗೋಡೆ-ಸೀಲಿಂಗ್ ಸೇರೋ ಮೂಲೆ ನೋಡಿ. ಕೈ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತೆ.

ಬ್ರ್ಯಾಂಡ್ ವಿಷಯಕ್ಕೆ ಬಂದ್ರೆ ಒಂದು ಗುಟ್ಟು. ಬಣ್ಣದ ಬಕೆಟ್ ಒಳಗೆ ಪೇಂಟರ್‌ಗೆ ಅಂತ ಟೋಕನ್ ಇರ್ತಿತ್ತು, ಈಗ ಸ್ಕ್ಯಾನ್ ಮಾಡಿದ್ರೆ ಪಾಯಿಂಟ್. ನಮ್ಮನೆ ಮಿಕ್ಸಿ ಹಂಗೇ ಬಂದಿದ್ದು. ಅದು ಕಳ್ಳತನ ಅಲ್ಲ, ಕಂಪನಿಗಳೇ ಕೊಡೋದು. ಆದ್ರೆ ‘ಇದೇ ಬ್ರ್ಯಾಂಡ್ ಆಗ್ಬೇಕು’ ಅಂತ ಯಾರಾದ್ರೂ ಹಟ ಹಿಡಿದ್ರೆ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ. ಎಷ್ಟು ವರ್ಷ ಅಳಿಸದೆ ಇರುತ್ತೆ ಅಂತ ಕೇಳೋರಿಗೆ ಅಪ್ಪನ ಹಳೇ ಜೋಕು: ‘ಅಳಿಸದೆ ಇರಬೇಕಾದ್ರೆ ಮೈಸೂರಿಂದ ವೋಟಿನ ಇಂಕ್ ತರಿಸಿ ಬಳೀಬೇಕು.’ ನಾಲ್ವಡಿಯವರು 1937ರಲ್ಲಿ ಶುರು ಮಾಡಿಸಿದ ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಆ ಇಂಕ್ ಮಾಡ್ತಿರೋದು.

ಹಳೇ ಮನೆಯಲ್ಲಿ ಪುಟ್ಟ ಮಕ್ಕಳಿದ್ರೆ ಇದನ್ನ ಮಾತ್ರ ಬಿಡಬೇಡಿ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಬಾಗಿಲು, ಗ್ರಿಲ್ಲಿನ ಆಯಿಲ್ ಪೇಂಟಲ್ಲಿ ಸೀಸ ಜಾಸ್ತಿ ಇರಬಹುದು. ಅದನ್ನ ಒಣಗಿದ ಹಂಗೇ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆ ಮಾಡಿ ಉಜ್ಜಬೇಕು, ಮಕ್ಕಳನ್ನ ಆಚೆ ಕಳಿಸಬೇಕು. ಉಜ್ಜೋರಿಗೆ ಮಾಸ್ಕ್ ಬೇಕೇ ಬೇಕು. ಅಪ್ಪನಿಗೆ ಬೆಳಗ್ಗೆ ಎದ್ದ ಕೂಡಲೇ ಬರೋ ಕೆಮ್ಮು ಇಪ್ಪತ್ತೆರಡು ವರ್ಷದ್ದು. ಈಗ ಮಾಸ್ಕ್ ಇಲ್ಲದೆ ಮನೆ ಬಿಟ್ಟು ಹೋಗೋಕೆ ನಾನು ಬಿಡಲ್ಲ.

ದುಡ್ಡು ಹಂತ ಹಂತವಾಗಿ ಕೊಡಿ. ಮೆಟೀರಿಯಲ್‌ಗೆ ಸ್ವಲ್ಪ ಅಡ್ವಾನ್ಸ್, ಪಟ್ಟಿ ಮುಗಿದಾಗ ಒಂದಿಷ್ಟು, ಉಳಿದದ್ದು ಕೆಲಸ ಮುಗಿದ ದಿನ ಹಗಲು ಬೆಳಕಲ್ಲಿ ಎಲ್ಲ ನೋಡಿ. ಆದ್ರೆ ಆ ಕೊನೇ ಕಂತು ಹಿಡ್ಕೊಂಡು ಮೂರು ತಿಂಗಳು ಓಡಾಡಿಸಬೇಡಿ. ಜೊತೆಗೆ ಬಂದ ಇಬ್ಬರು ಹುಡುಗರಿಗೆ ಅಪ್ಪ ಆವತ್ತೇ ಸಂಜೆ ಕೂಲಿ ಕೊಟ್ಟಿರ್ತಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಂಟ್ರಾಕ್ಟರ್ ಒಬ್ಬರು ಅಪ್ಪನ್ನ ಕರೀತಿದ್ದಾರೆ. ದಿನಗೂಲಿ ಗ್ಯಾರಂಟಿ, ಗೋಡೆ ಬಗ್ಗೆ ಯಾರ ಹತ್ರಾನೂ ವಾದ ಮಾಡೋ ಹಂಗಿಲ್ಲ. ಮದ್ದೂರಿಂದ ಬೆಳಗಿನ ರೈಲು ಹತ್ತಿದ್ರೆ ವಾಪಸ್ ಬರೋದು ರಾತ್ರಿ. ಅಮ್ಮ ಹೋಗಿ ಅಂತಾರೆ, ನಾನು ಬೇಡ ಅಂತೀನಿ. ದೀಪಾವಳಿವರೆಗೂ ನೋಡ್ತೀನಿ ಅಂದಿದ್ದಾರೆ ಅಪ್ಪ. ಮನೆ ತೋರಿಸಬೇಕು ಅನ್ನೋರು ಭಾನುವಾರ ಹತ್ತು ಗಂಟೆ ಮೇಲೆ ಕರೀರಿ, ಗೋಡೆ ಬಿಸಿಲಲ್ಲೇ ನೋಡ್ಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಿಗಾದ್ರೂ ಬರ್ತಾರೆ.