ಅಟ್ಟದ ಮೇಲಿನ ಅಮಾನತ್ತು

ಪೊಂಗಲ್‌ನ ಹಿಂದಿನ ದಿನ, ಅಂದರೆ ಜನವರಿ 13 ಅಥವಾ 14ರಂದು, ಹೊಸೂರಿನ ಬೀದಿಗಳಲ್ಲಿ ಬೆಳಗಿನ ಜಾವಕ್ಕೇ ಹೊಗೆ ಏಳುತ್ತದೆ. ಅದು ಭೋಗಿ. ಮನೆಯಲ್ಲಿ ವರ್ಷವಿಡೀ ಸೇರಿಕೊಂಡ ಹಳೆ ಚಾಪೆ, ಹರಿದ ಬಟ್ಟೆ, ಮುರಿದ ಮೊರ ಎಲ್ಲವನ್ನೂ ಬಾಗಿಲ ಮುಂದೆ ಹಾಕಿ ಸುಡುವ ದಿನ. ಚಾಪೆ, ಮೊರ ಸುಡುತ್ತಿದ್ದ ಕಾಲಕ್ಕೆ ಅದರಿಂದ ತೊಂದರೆ ಇರಲಿಲ್ಲ. ಈಗ ಅದರ ಜೊತೆ ಪ್ಲಾಸ್ಟಿಕ್ಕು, ಟಯರು ಸೇರಿಕೊಂಡಿವೆ. ಅವನ್ನು ಸುಡಬೇಡಿ ಎಂದು ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ವರ್ಷ ಕೇಳಿಕೊಳ್ಳುತ್ತದೆ. ಚೆನ್ನೈಯಲ್ಲಿ ಕಾರ್ಪೊರೇಷನ್‌ನವರೇ ಹಬ್ಬಕ್ಕೆ ಮೊದಲು ಹಳೆ ಸಾಮಾನು ಸಂಗ್ರಹಿಸುವುದುಂಟು. ಏನೇ ಇರಲಿ, ವರ್ಷಕ್ಕೊಂದು ಸಲ ಮನೆಯ ಮೂಲೆಮೂಲೆ ಖಾಲಿ ಮಾಡಬೇಕು ಎಂಬ ನಿಯಮ ನಮ್ಮ ಅಕ್ಕಪಕ್ಕದವರಿಗೆ ಇದೆ.

ನಮಗೆ ಇಲ್ಲ. ನಾವು ಬ್ಯಾರಿಗಳು, ಏರಿಸಿ ಇಡುವ ಜನ.

ಅದಕ್ಕೆ ಕಾರಣವೂ ಇದೆ ಅನ್ನಿ. ಊರಿನ ಅಜ್ಜಿಮನೆಯ ಅಟ್ಟ ನಿಮಗೂ ನೆನಪಿರಬಹುದು. ಒಲೆಯ ಮೇಲ್ಗಡೆ, ಹೊಗೆ ತಾಗುವ ಹಾಗೆ. ಅಲ್ಲಿ ಅಕ್ಕಿಯ ಮುಡಿ, ತೆಂಗಿನಕಾಯಿ, ಒಣಮೀನು, ಹಪ್ಪಳದ ಡಬ್ಬ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಹೊರಗೆ ಹೋಗಿ ಏನೂ ತರುವ ಹಾಗಿರಲಿಲ್ಲ, ಸಮುದ್ರಕ್ಕೂ ಇಳಿಯುವ ಹಾಗಿರಲಿಲ್ಲ. ಅಟ್ಟ ತುಂಬಿದ್ದರೆ ಮನೆ ಬದುಕಿತು. ಹಾಗಾಗಿ ನಮ್ಮ ಹಿರಿಯರಿಗೆ ಖಾಲಿ ಅಟ್ಟ ಅಂದರೆ ಚೊಕ್ಕಟತನವಲ್ಲ, ಬಡತನ.

ಉಪ್ಪ ಆ ಅಭ್ಯಾಸವನ್ನು ಘಟ್ಟ ಹತ್ತಿಸಿಕೊಂಡು ಇಲ್ಲಿಗೆ ತಂದರು. ಅಶೋಕ್ ಲೇಲ್ಯಾಂಡ್ 1980ರಲ್ಲಿ ಇಲ್ಲಿ ಕಾರ್ಖಾನೆ ತೆರೆದ ಮೇಲೆ ಹೊಸೂರು ಬೆಳೆಯತೊಡಗಿತ್ತು. ಇನ್ನೂ ಧರ್ಮಪುರಿ ಜಿಲ್ಲೆ, ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಸಿಪ್ಕಾಟ್ ಕಡೆಗೆ ಹೋಗುವ ರಸ್ತೆಯಲ್ಲಿ ಉಪ್ಪ ಸಣ್ಣದೊಂದು ಹೋಟೆಲು ಹಾಕಿದರು. ಶಿಫ್ಟು ಬಿಟ್ಟು ಬರುವವರಿಗೆ ಚಹಾ, ಪರೋಟ. 1988ರಲ್ಲಿ ಮನೆ ಕಟ್ಟಿಸಿದಾಗ ಮೇಸ್ತ್ರಿಗೆ ಅವರು ಹೇಳಿದ ಒಂದೇ ಮಾತು: ಎಲ್ಲ ಕೋಣೆಗೂ ಲಾಫ್ಟ್ ಇರಲಿ. ಇದಕ್ಕೆ ತಮಿಳಿನವರು ಪರಣ್ ಎನ್ನುತ್ತಾರೆ, ಬೆಂಗಳೂರಿನವರು ಸಜ್ಜಾ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಈಗಲೂ ಅದು ಅಟ್ಟವೇ. ಮಂಗಳೂರಿನಲ್ಲಿ ಬೀಳುವ ಮಳೆಯ ಕಾಲುಭಾಗದಷ್ಟು ಮಾತ್ರ ಬೀಳುವ ಈ ಊರಿನಲ್ಲಿ, ನಾಲ್ಕು ಹೆಜ್ಜೆಗೊಂದು ಅಂಗಡಿ ಇರುವಲ್ಲಿ, ಉಮ್ಮ ಮೂವತ್ತೇಳು ವರ್ಷ ಮಳೆಗಾಲಕ್ಕೆ ತಯಾರಾಗುತ್ತಲೇ ಇದ್ದರು.

ಉಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಉಮ್ಮನಿಗೆ ಮೊಣಕಾಲು ನೋವು, ಊರಿನಲ್ಲಿ ಚಿಕ್ಕಮ್ಮನ ಪಕ್ಕದಲ್ಲಿ ಇರಬೇಕೆಂಬ ಆಸೆ. ಮನೆ ಮಾರುವುದೆಂದು ಕಳೆದ ವರ್ಷ ತೀರ್ಮಾನವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ತಮ್ಮ ಒಂದು ಭಾನುವಾರ ಬಂದು ಅಟ್ಟಗಳನ್ನೆಲ್ಲ ನೋಡಿ, "ಒಂದು ಟೆಂಪೊ ಕರೆಸಿ ಒಟ್ಟಿಗೇ ಕೊಟ್ಟುಬಿಡೋಣ, ಒಂದು ದಿನದ ಕೆಲಸ" ಎಂದ. ಊರಿನಲ್ಲಿ ಗುಜರಿ ಅಂಗಡಿ ಎನ್ನುವುದಕ್ಕೆ ಇಲ್ಲಿ ಕಾಯಲಾನ್ ಕಡೈ ಎನ್ನುತ್ತಾರೆ. ಕಾಯಲ್‌ಪಟ್ಟಣದ ಮುಸ್ಲಿಂ ವ್ಯಾಪಾರಿಗಳಿಂದ ಆ ಹೆಸರು ಬಂತು ಎಂದು ಹೇಳುವವರಿದ್ದಾರೆ. ಅಂಗಡಿಯವನು ಬಂದು, ಕೆಳಗೆ ನಿಂತೇ ಅಂದಾಜು ಹಾಕಿ, ಕಬ್ಬಿಣಕ್ಕಿಷ್ಟು, ಪೇಪರಿಗಿಷ್ಟು ಎಂದು ರೇಟು ಹೇಳಿದ.

ಉಮ್ಮ ಒಪ್ಪಲಿಲ್ಲ. ಎಲ್ಲವನ್ನೂ ಒಂದೊಂದಾಗಿ ಇಳಿಸಿ ತನ್ನ ಕುರ್ಚಿಯ ಮುಂದೆ ಇಡಬೇಕು, ತಾನು ನೋಡಿದ ಮೇಲೇ ಗೇಟು ದಾಟಬೇಕು ಎಂದು ಹಟ ಹಿಡಿದರು. ತಮ್ಮ ಸಿಟ್ಟು ಮಾಡಿಕೊಂಡು ಹೋದ. ಒಂದು ದಿನದ ಕೆಲಸ ಹದಿನೆಂಟು ದಿನ ಹಿಡಿಯಿತು. ಏಣಿ ಹತ್ತಿದ್ದು ನಾನು ಮತ್ತು ನನ್ನ ಮಗಳು.

ಹುಡುಕುತ್ತಾ ಹೋದರೆ ಮನೆಯೊಳಗೆ ಕಣ್ಣಿಗೆ ಬೀಳದ ಜಾಗಗಳು ಎಷ್ಟಿರುತ್ತವೆ ಎಂದು ನೋಡಿದವರಿಗೇ ಗೊತ್ತು. ಬಾತ್‌ರೂಮಿನ ಮೇಲೆ, ಮೆಟ್ಟಿಲ ಕೆಳಗೆ, ದಿವಾನದ ಹೊಟ್ಟೆಯೊಳಗೆ, ಬೀರುವಿನ ಬೆನ್ನ ಹಿಂದೆ, ತಾರಸಿಯಲ್ಲಿ ನೀರಿನ ಟ್ಯಾಂಕಿನ ಅಡಿಯಲ್ಲಿ. ದಿವಾನದೊಳಗೆ ಸೌದಿಯಿಂದ ಬಂದ ಹುಲಿಚಿತ್ರದ ಕಂಬಳಿ ನಾಲ್ಕು. ಹಿಡಿ ಹೋದ ಕುಕ್ಕರ್ ಮೂರು. ನಿಡೋ ಹಾಲಿನ ಪುಡಿಯ ಡಬ್ಬ ಇಪ್ಪತ್ತೆರಡು, ಟ್ಯಾಂಗ್ ಬಾಟಲಿ ಲೆಕ್ಕಕ್ಕಿಲ್ಲ. ಗಲ್ಫಿನಲ್ಲಿ ಒಬ್ಬರಾದರೂ ಇದ್ದ ಯಾವ ಮನೆಯಲ್ಲಿ ಇವು ಇಲ್ಲ ಹೇಳಿ! ಕರಟಿ ಹೋದ ಬಿರಿಯಾನಿ ಚೆಂಬು, ನಮ್ಮ ಶಾಲೆಯ ಸ್ಲೇಟು, ನಿಂತ ಗಡಿಯಾರಗಳು. ಇವನ್ನು ಕೊಡಲು ಉಮ್ಮ ಒಂದು ಚೂರೂ ಹಿಂದೆಮುಂದೆ ನೋಡಲಿಲ್ಲ. ಕಂಬಳಿಗಳು ಬಿಹಾರದಿಂದ ಬಂದು ಹಿಂದಿನ ಬೀದಿಯ ಶೆಡ್ಡಿನಲ್ಲಿರುವ ಹುಡುಗರಿಗೆ ಹೋದವು. ಡಿಸೆಂಬರಿನಲ್ಲಿ ಹೊಸೂರಿನ ಚಳಿ ಗೊತ್ತಲ್ಲ.

ಮಗಳು ಜಪಾನಿನ ಮರೀ ಕೊಂಡೊ ಎಂಬಾಕೆಯ ವಿಡಿಯೊ ತೋರಿಸಿದಳು. ವಸ್ತುವನ್ನು ಕೈಯಲ್ಲಿ ಹಿಡಿದು, ಇದು ನನಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಉಮ್ಮ ಪೂರ್ತಿ ನೋಡಿದರು. ನೋಡಿ, "ಆಕೆಯ ಮನೆಯಲ್ಲಿ ಇರುವುದೆಲ್ಲ ಆಕೆಯದ್ದೇ ಇರಬೇಕು" ಎಂದರು.

ಉಮ್ಮ ಕುರ್ಚಿಯಲ್ಲಿ ಕೂತು ಬೇರೆಯದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗಲೇ. ಪ್ರತಿಯೊಂದು ಸಾಮಾನು ಇಳಿದಾಗಲೂ ಅವರು ಕೇಳುತ್ತಿದ್ದುದು, ಇದು ಬೇಕೋ ಬೇಡವೋ ಎಂದಲ್ಲ. ಇದು ಯಾರದ್ದು?

ಪೇಪರಿನ ಕಟ್ಟುಗಳಲ್ಲಿ ಇದರ ಬೆಲೆ ತಿಳಿಯಿತು. ತೂಕಕ್ಕೆ ಹಾಕಲು ಕಟ್ಟಿಟ್ಟಿದ್ದ ಹಳೆ ಲೆಕ್ಕದ ಪುಸ್ತಕಗಳ ನಡುವೆ ಉಪ್ಪನ ಹೆಸರಿನ ಕಾರ್ಪೊರೇಷನ್ ಬ್ಯಾಂಕ್ ಪಾಸ್‌ಬುಕ್ಕು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕು. ಆ ಅಭಿಮಾನಕ್ಕೇ ಉಪ್ಪ ಅಲ್ಲಿ ಖಾತೆ ಇಟ್ಟಿದ್ದರು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ, ಆದರೆ ಹಕ್ಕುದಾರರು ಯಾವಾಗ ಬೇಕಾದರೂ ಕೇಳಬಹುದು. ಇಂಥ ಖಾತೆಗಳನ್ನು ಹುಡುಕಲು 2023ರ ಆಗಸ್ಟಿನಿಂದ ಉದ್ಗಮ್ ಎಂಬ ವೆಬ್‌ಸೈಟ್ ಇದೆ. ಹೆಸರು, ಜೊತೆಗೆ ಪ್ಯಾನ್ ಅಥವಾ ಹುಟ್ಟಿದ ದಿನಾಂಕದಂಥ ಒಂದು ಗುರುತು ಕೊಟ್ಟು ಹುಡುಕಬೇಕು, ಸಿಕ್ಕಿದ ಮೇಲೆ ಬ್ಯಾಂಕಿಗೇ ಹೋಗಿ ಅರ್ಜಿ ಕೊಡಬೇಕು. ನಮ್ಮದು ಸಿಕ್ಕಿತು. ದೊಡ್ಡ ಮೊತ್ತವೇನಲ್ಲ. ಆದರೆ ಉಪ್ಪನ ಹಣ ವಾರಸುದಾರರಿಗೆ ಪಾಲಾಗಬೇಕಾದದ್ದು, ಅದು ಕಿಲೋಗೆ ಹನ್ನೆರಡು ರೂಪಾಯಿಯಂತೆ ಹೋಗಬೇಕಾದದ್ದಲ್ಲ.

ಒಂದು ನಿಡೋ ಡಬ್ಬದಲ್ಲಿ ಮೆಂತೆಯ ಅಡಿಯಲ್ಲಿ ಏಳು ನೋಟು ಸಿಕ್ಕಿದವು: ಸಾವಿರದ್ದು ಎರಡು, ಹಳೆ ಐನೂರರದ್ದು ಐದು. 2016ರ ನವೆಂಬರ್ 8ರ ರಾತ್ರಿ ರದ್ದಾದವು. ಮಗಳು ನಕ್ಕಳು. ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ 2017ರ ಕಾಯಿದೆಯಲ್ಲಿ ಅಪರಾಧ, ಏಳಾದ್ದರಿಂದ ಬಚಾವ್ ಎಂದಳು. ಯಾಕೆ ಆಗಲೇ ಹೇಳಲಿಲ್ಲ ಎಂದು ಕೇಳಿದೆ. ಮಯ್ಯತ್ತಿನ ಖರ್ಚಿಗೆಂದು ಎತ್ತಿಟ್ಟದ್ದು, ಮಕ್ಕಳ ಕೈಯಲ್ಲಿ ಕೊಟ್ಟು ಬದಲಾಯಿಸಿ ಎನ್ನಲು ಮನಸ್ಸಾಗಲಿಲ್ಲ ಎಂದರು ಉಮ್ಮ. ನಾವು ಆ ಮಾತನ್ನು ಅಲ್ಲಿಗೇ ಬಿಟ್ಟೆವು. ನಿಮ್ಮ ಮನೆಯ ಉಮ್ಮಂದಿರ ಡಬ್ಬಗಳನ್ನೂ ಒಮ್ಮೆ ನೋಡಿಕೊಳ್ಳಿ, ಮೆಲ್ಲಗೆ, ಅವರು ಎದುರಿಗಿರುವಾಗಲೇ. ಎರಡು ಸಾವಿರದ ನೋಟು ಸಿಕ್ಕಿದರೆ ಗಾಬರಿ ಬೇಡ. ಅದನ್ನು 2023ರಲ್ಲಿ ಚಲಾವಣೆಯಿಂದ ಹಿಂದೆಗೆದುಕೊಂಡರೂ ರದ್ದು ಮಾಡಿಲ್ಲ, ಬೆಂಗಳೂರು ಅಥವಾ ಚೆನ್ನೈಯ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ಕೊಡಬಹುದು.

ಹನ್ನೊಂದನೇ ದಿನ ಬಾತ್‌ರೂಮಿನ ಮೇಲಿನ ಅಟ್ಟದ ಒಳಮೂಲೆಯಿಂದ ಒಂದು ತಗಡಿನ ಟ್ರಂಕು ಇಳಿಯಿತು. ಹಸಿರು ಬಣ್ಣ, ಸಣ್ಣ ಬೀಗ, ಮೇಲೆ ಜಿರಲೆಯ ಹಿಕ್ಕೆ. ಅದನ್ನು ನೋಡಿದ ತಕ್ಷಣ ಉಮ್ಮ ಕುರ್ಚಿಯಿಂದ ಎದ್ದರು.

ಉಪ್ಪನ ಹೋಟೆಲಿಗೆ ಊರಿನಿಂದ ಹುಡುಗರು ಬರುತ್ತಿದ್ದರು. ಎರಡು ವರ್ಷ, ಮೂರು ವರ್ಷ ಸಪ್ಲೈ ಮಾಡಿ, ಸ್ವಲ್ಪ ತಮಿಳು, ಸ್ವಲ್ಪ ಹಿಂದಿ ಕಲಿತು ಬೊಂಬಾಯಿಗೆ, ಅಲ್ಲಿಂದ ಗಲ್ಫಿಗೆ. ಹಾಗೆ ಬಂಟ್ವಾಳ ಕಡೆಯ ಒಬ್ಬ ಹುಡುಗ 1992ರಲ್ಲಿ ವೀಸಾ ಬಂತೆಂದು ಅವಸರದಲ್ಲಿ ಹೊರಟವನು, "ಇತ್ತಾ, ಆರು ತಿಂಗಳಲ್ಲಿ ಬಂದು ತೆಗೆದುಕೊಂಡು ಹೋಗುತ್ತೇನೆ" ಎಂದು ಈ ಟ್ರಂಕನ್ನು ಉಮ್ಮನ ಕೈಯಲ್ಲಿ ಬಿಟ್ಟು ಹೋಗಿದ್ದ. ಬರಲಿಲ್ಲ. ಉಪ್ಪನ ಹೋಟೆಲೂ ಕೆಲವು ವರ್ಷದಲ್ಲಿ ಬೇರೆಯವರ ಕೈಗೆ ಹೋಯಿತು.

ಫೋನಿನಲ್ಲಿ ತಮ್ಮ, "ಮೂವತ್ತು ವರ್ಷ ದಾಟಿದೆ, ಅವನಿಗೇ ನೆನಪಿರುವುದಿಲ್ಲ" ಎಂದ. ಉಮ್ಮ ಬ್ಯಾರಿಯಲ್ಲಿ ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಅವನು ಮರೆತರೆ ಅದು ಅವನ ವಿಚಾರ, ಅಮಾನತ್ತು ಇಟ್ಟುಕೊಂಡವಳು ನಾನು. ಮಕ್ಕಾ ಬಿಟ್ಟು ಹಿಜ್ರಾ ಹೊರಡುವ ರಾತ್ರಿ, ಜೀವಕ್ಕೇ ಅಪಾಯ ಇದ್ದಾಗಲೂ, ತಮ್ಮ ಬಳಿ ಜನ ಇಟ್ಟಿದ್ದ ವಸ್ತುಗಳನ್ನು ಹಿಂದಿರುಗಿಸಲು ಪ್ರವಾದಿಯವರು (ಸ) ಅಲಿಯವರನ್ನು ಹಿಂದೆ ಬಿಟ್ಟು ಹೋದ ಸಂಗತಿ ನಮಗೆಲ್ಲ ಮದ್ರಸದಲ್ಲೇ ಕೇಳಿ ಗೊತ್ತು. ಮನೆ ಬಿಡುವವರು ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಉಮ್ಮನಿಗೆ ಸಂಶಯವೇ ಇರಲಿಲ್ಲ. ಬೀಗ ಒಡೆಯಲೂ ಬಿಡಲಿಲ್ಲ.

ಹುಡುಗನ ಪೂರ್ತಿ ಹೆಸರು ಉಮ್ಮನಿಗೆ ನೆನಪಿರಲಿಲ್ಲ. ಅವನ ಜಮಾಅತ್ ಯಾವುದೆಂದು ನೆನಪಿತ್ತು, ಅವನ ತಾಯಿ ಬೀಡಿ ಕಟ್ಟುತ್ತಿದ್ದರೆಂದು ನೆನಪಿತ್ತು. ನಮ್ಮವರಿಗೆ ಅಷ್ಟು ಸಾಕಲ್ಲ. ಮಗಳು ವಾಟ್ಸ್ಆ್ಯಪಿನಲ್ಲಿ ಹಾಕಿದ್ದು ಅಲ್ಲಿಂದಿಲ್ಲಿಗೆ ಸುತ್ತಿ ಮೂರನೇ ದಿನಕ್ಕೆ ಫೋನು ಬಂತು. ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಬಿ.ಸಿ. ರೋಡಿನ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರಂತೆ. ಉಮ್ಮ ಸ್ಪೀಕರಿನಲ್ಲಿ ಹಾಕಿಸಿಕೊಂಡು ಸಲಾಂ ಹೇಳಿ ಮೊದಲು ಕೇಳಿದ್ದು, "ಬೀಗದ ಕೈ ಇದೆಯಾ ಮೋನೆ?"

ಆ ಕಡೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಡೆಯಿರಿ ಇತ್ತಾ. ಒಳಗೆ ಒಂದು ಕ್ಯಾಸೆಟ್ಟು ಇರಬೇಕು, ನೋಡಿ" ಎಂದರು.

ಇತ್ತು. ಎರಡು ಶರ್ಟು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸಿಪ್ಕಾಟಿನ ಯಾವುದೋ ಸ್ಟುಡಿಯೊದಲ್ಲಿ ತೆಗೆಸಿದ ಫೋಟೊ, ಅದರಡಿಯಲ್ಲಿ ಟವೆಲಿನಲ್ಲಿ ಸುತ್ತಿದ ಕ್ಯಾಸೆಟ್ಟು. ಆ ಕಾಲದಲ್ಲಿ ಓದಲು ಬರೆಯಲು ಬಾರದ ತಾಯಂದಿರು ಗಲ್ಫಿನ ಮಕ್ಕಳಿಗೆ ಕಾಗದದ ಬದಲು ಮಾತನ್ನೇ ತುಂಬಿಸಿ ಕಳಿಸುತ್ತಿದ್ದರು. ಅವರ ಅಣ್ಣ ಆಗ ರಿಯಾದಿನಲ್ಲಿದ್ದರು. ತಾಯಿ ಅಣ್ಣನಿಗೆಂದು ಮಾತಾಡಿ ಕೊಟ್ಟದ್ದನ್ನು ಇವರು ಬೊಂಬಾಯಿಯಲ್ಲಿ ಯಾರ ಕೈಯಲ್ಲಾದರೂ ಕಳಿಸಬೇಕಿತ್ತು. ಅವಸರದಲ್ಲಿ ಟ್ರಂಕಿನಲ್ಲೇ ಉಳಿಯಿತು. ತಾಯಿ 1996ರಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳೂ ಆಗ ಊರಿನಲ್ಲಿರಲಿಲ್ಲ.

ನಮ್ಮ ಟೇಪ್‌ರೆಕಾರ್ಡರೂ ಅಟ್ಟದಿಂದ ಇಳಿದಿತ್ತು, ಬೆಲ್ಟು ಹಾಕಿಸಿದರೆ ಓಡುತ್ತಿತ್ತೋ ಏನೋ. ಕ್ಯಾಸೆಟ್ಟು ಚೆನ್ನಾಗಿದೆಯೋ ಇಲ್ಲವೋ ಒಮ್ಮೆ ನೋಡೋಣವೇ ಎಂದು ಮಗಳು ಕೇಳಿದಳು. ಉಮ್ಮ ಬೇಡ ಎಂದು ತಲೆ ಅಲ್ಲಾಡಿಸಿ, ಅದನ್ನು ಅದೇ ಟವೆಲಿನಲ್ಲಿ ಮತ್ತೆ ಸುತ್ತಿಟ್ಟರು.

ಮುಂದಿನ ಶುಕ್ರವಾರ ರಾತ್ರಿಯ ಬಸ್ಸಿಗೆ ಅವರ ಅಣ್ಣನೇ ಬಂದರು, ತಮ್ಮನಲ್ಲ. ಎಪ್ಪತ್ತರ ಹತ್ತಿರದವರು. ಚಹಾ ಕುಡಿದರು, ಉಪ್ಪನಿಗೆ ದುಆ ಮಾಡಿದರು. ಟ್ರಂಕು ಬೇಡ, ಭಾರ, ಗುಜರಿಗೆ ಕೊಡಿ ಎಂದರು. ಕ್ಯಾಸೆಟ್ಟನ್ನು ಮಾತ್ರ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೇ ಹೋದರು.