ಫೈಲ್ ಅಲ್ಲೇ ಇದೆಯಲ್ಲ ಮೇಡಂ

ರಾತ್ರಿ ಹತ್ತೂವರೆ. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ಮಕ್ಕಳ ಉತ್ತರಗಳನ್ನು ತಾಳೆ ನೋಡಲು ನಾನು ಬರೆದ ಪುಟ್ಟ ಸಿ ಪ್ರೋಗ್ರಾಂ ಸರ್ವರಿನಲ್ಲಿ ಏಳುತ್ತಲೇ ಇಲ್ಲ. ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತ್ತು.

ಮೊದಲ ತೊಡಕು ಬೇಗ ಬಗೆಹರಿಯಿತು. ‘ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್’ ಅಂತ ಬಂತು. ಪ್ರೋಗ್ರಾಮಿಗೆ ಬೇಕಾದ ನನ್ನ ಲೈಬ್ರರಿಯನ್ನು ಹಾಕಿಟ್ಟ ಫೋಲ್ಡರಿಗೆ, ಪ್ರೋಗ್ರಾಮನ್ನು ಎಬ್ಬಿಸುವ ಲೋಡರ್ ತಾನಾಗಿ ಹೋಗಿ ಹುಡುಕುವುದಿಲ್ಲ, ಬರೆದಿಟ್ಟ ಪಟ್ಟಿಯನ್ನು ನೋಡುತ್ತದೆ. ಎಲ್‌ಡಿಕಾನ್ಫಿಗ್ ಓಡಿಸಿ ಪಟ್ಟಿ ಹೊಸದು ಮಾಡಿದೆ.

ಈಗ ಪರದೆಯ ಮೇಲೆ ಬೇರೆಯೇ ಸಾಲು: ‘ವರ್ಷನ್ ಗ್ಲಿಬ್‌ಸಿ 2.34 ನಾಟ್ ಫೌಂಡ್’.

ಪಕ್ಕದಲ್ಲಿ ನಿಂತ ಲ್ಯಾಬ್ ಹುಡುಗ ಫೋಲ್ಡರ್ ತೆರೆದು ತೋರಿಸುತ್ತಾನೆ. “ಫೈಲ್ ಅಲ್ಲೇ ಇದೆಯಲ್ಲ ಮೇಡಂ!”

ಇದೆ. ಗ್ಲಿಬ್‌ಸಿಯ ಫೈಲ್, ಲಿಬ್‌ಸಿ ಡಾಟ್ ಎಸ್‌ಓ ಡಾಟ್ 6. 1997ರಲ್ಲಿ ಇಟ್ಟ ಹೆಸರು ಇವತ್ತಿಗೂ ಅದೇ. ಹೆಸರು ಅದೇ ಉಳಿದಿದ್ದರೂ ಒಳಗಿನ ಒಂದೊಂದು ಫಂಕ್ಷನ್ನಿಗೂ ಆವೃತ್ತಿಯ ಮುದ್ರೆ ಒತ್ತಿರುತ್ತಾರೆ. ಹಳೆಯ ಮುದ್ರೆಗಳನ್ನು ಅಳಿಸದೆ ಕಾಪಾಡುವುದರಿಂದಲೇ ಎಷ್ಟೋ ವರ್ಷದ ಹಿಂದಿನ ಪ್ರೋಗ್ರಾಂ ಹೊಸ ಉಬುಂಟುವಿನಲ್ಲೂ ಓಡುತ್ತದೆ. ಆ ಶಿಸ್ತನ್ನು ಕಂಡರೆ ನನಗೆ ಇವತ್ತಿಗೂ ಗೌರವ. ಆದರೆ ಹೊಸ ಮುದ್ರೆ ಹಳೆಯ ಯಂತ್ರಕ್ಕೆ ಗುರುತೇ ಇಲ್ಲ. ನನ್ನ ಲ್ಯಾಪ್‌ಟಾಪ್ ಉಬುಂಟು 22.04, ಗ್ಲಿಬ್‌ಸಿ 2.35. ಈ ಸರ್ವರ್ 20.04, ಗ್ಲಿಬ್‌ಸಿ 2.31.

“ಹಾಗಾದ್ರೆ ಲ್ಯಾಪ್‌ಟಾಪಿನ ಲಿಬ್‌ಸಿಯನ್ನೇ ಇಲ್ಲಿಗೆ ಕಾಪಿ ಮಾಡೋಣ?” ಪೆನ್‌ಡ್ರೈವ್ ಆಗಲೇ ಅವನ ಕೈಯಲ್ಲಿದೆ.

“ಬೇಡಪ್ಪಾ!” ನನ್ನ ದನಿ ಅಗತ್ಯಕ್ಕಿಂತ ಜೋರಾಯಿತು. ಲೋಡರ್ ಮತ್ತು ಲಿಬ್‌ಸಿ ಜೋಡಿಯಾಗಿಯೇ ತಯಾರಾದವು, ಒಂದನ್ನು ಮಾತ್ರ ಬದಲಿಸುವ ಹಾಗಿಲ್ಲ. ಬದಲಿಸಿದರೆ ಎಲ್‌ಎಸ್ ಆಜ್ಞೆ ಕೂಡ ಏಳುವುದಿಲ್ಲ, ತಪ್ಪು ತಿದ್ದಲು ಬೇಕಾದ ಸಿಪಿ ಆಜ್ಞೆಯೂ ಏಳುವುದಿಲ್ಲ.

ಆಬ್ಜ್‌ಡಂಪ್ ಓಡಿಸಿ ನನ್ನ ಪ್ರೋಗ್ರಾಮಿನೊಳಗೆ 2.34 ಎಲ್ಲಿದೆ ಅಂತ ಸೋಸುತ್ತೇನೆ. ಒಂದೇ ಸಾಲು. ‘ಲಿಬ್‌ಸಿ ಸ್ಟಾರ್ಟ್ ಮೇನ್’. ನಾನು ಬರೆದದ್ದೇ ಅಲ್ಲ ಅದು! ಮೇನ್ ಶುರುವಾಗುವ ಮುಂಚೆ ಎಲ್ಲ ಪ್ರೋಗ್ರಾಮೂ ದಾಟುವ ಹೊಸ್ತಿಲು. 2021ರ ಆಗಸ್ಟಿನಲ್ಲಿ ಬಂದ 2.34ರಲ್ಲಿ ಪ್ರೋಗ್ರಾಂ ಆರಂಭವಾಗುವ ರೀತಿ ಬದಲಾಗಿ, ಈ ಹೊಸ್ತಿಲಿಗೇ ಹೊಸ ಮುದ್ರೆ ಬಿತ್ತು. ಬರೀ ‘ಹಲೋ’ ಅನ್ನುವ ಪ್ರೋಗ್ರಾಂ ಬರೆದು ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿದರೂ ಅದು 2.34 ಅನ್ನೇ ಕೇಳುತ್ತದೆ.

ಇದು ಲ್ಯಾಬಿನ ಯಂತ್ರ, ಸಿ ಕಂಪೈಲರ್ ಜಿಸಿಸಿ ಇದ್ದೇ ಇದೆ. ಮೂಲ ಕೋಡನ್ನು ಪೆನ್‌ಡ್ರೈವಿನಲ್ಲಿ ತಂದು, ಲೈಬ್ರರಿಯನ್ನೂ ಪ್ರೋಗ್ರಾಮನ್ನೂ ಇಲ್ಲೇ ಕಂಪೈಲ್ ಮಾಡುತ್ತೇನೆ. ಫ್ಯಾನಿನ ಸದ್ದು ಏರಿ ಇಳಿಯುತ್ತದೆ. ಮತ್ತೆ ಆಬ್ಜ್‌ಡಂಪ್. ಅದೇ ಹೊಸ್ತಿಲು, ಈಗ ಮುದ್ರೆ 2.2.5.

ಎಂಟರ್ ಒತ್ತಲು ಹುಡುಗನಿಗೇ ಹೇಳಿದೆ. ಕರ್ಸರ್ ಒಂದು ಕ್ಷಣ ಮಿನುಗಿತು. ನಾಳೆಗೆಂದು ಇಟ್ಟ ಮಾದರಿ ಉತ್ತರಗಳು ಒಂದೊಂದಾಗಿ ಪರದೆಯ ಮೇಲೆ ಇಳಿಯತೊಡಗಿದವು.