ನಳಿಗೆಯ ಬಿಸಿ

ಕೋಲಾರದಲ್ಲಿ ಪಿಯುಸಿ ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಒಮ್ಮೆ ಕ್ಯಾಂಪಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗರೂ ಬಂದಿದ್ದರು. ಫೈರಿಂಗ್ ದಿನ ಒಬ್ಬೊಬ್ಬರಿಗೂ ಐದೈದು ಗುಂಡು. ನನ್ನ ಸರದಿ ಬರುವ ಹೊತ್ತಿಗೆ ಅದೇ ಪಾಯಿಂಟ್ 22 ರೈಫಲ್ಲಿನಿಂದ ಹತ್ತಾರು ಹುಡುಗರು ಹೊಡೆದಾಗಿತ್ತು. ನೆಲದ ಮೇಲೆ ಮಲಗಿ ಗುರಿ ಹಿಡಿಯುವಾಗ ಎಡಗೈ ಬೆರಳು ಮರದ ಹಿಡಿ ದಾಟಿ ನಳಿಗೆಗೆ ತಾಗಿತು. ಸುಡಲಿಲ್ಲ. ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು.

ರಾತ್ರಿ ಟೆಂಟಿನಲ್ಲಿ ಅದೇ ಚರ್ಚೆ. ಮುಳಬಾಗಿಲಿನವನು, "ಬಾವಿ ಹಗ್ಗ ಜಾರಿದರೆ ಅಂಗೈ ಉರಿಯಲ್ವಾ? ಗುಂಡು ಉಜ್ಜಿಕೊಂಡು ಹೋಗುತ್ತೆ, ಅದಕ್ಕೇ ಬಿಸಿ" ಅಂದ. ನಾವೆಲ್ಲ ತಲೆಯಾಡಿಸಿದೆವು. ಮಾಲೂರಿನವನ ಮನೆ ಇಟ್ಟಿಗೆ ಗೂಡಿನ ಪಕ್ಕ. ಅವನು ಮಾತ್ರ ಒಪ್ಪಲಿಲ್ಲ. "ಗೂಡಿನ ಗೋಡೆಯನ್ನ ಯಾರು ಉಜ್ಜುತ್ತಾರೆ? ಒಳಗೆ ಬೆಂಕಿ ಇದ್ದರೆ ಗೋಡೆ ಕಾಯುತ್ತೆ" ಅಂದ. ಅವನನ್ನು ನೋಡಿ ನಕ್ಕೆವು.

ಅವನೇ ಸರಿ ಎಂದು ತಿಳಿದದ್ದು ಮುಂದೆ ಡಿಗ್ರಿಯಲ್ಲಿ ಭೌತಶಾಸ್ತ್ರ ಓದುವಾಗ. ಮದ್ದು ಉರಿದು ಹುಟ್ಟುವ ಅನಿಲದ ಬಿಸಿ 2000 ಡಿಗ್ರಿಗೂ ಮೇಲೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತು. ಅಷ್ಟರಲ್ಲೇ ಆ ಅನಿಲ ಉಕ್ಕಿನ ಒಳಮೈಯನ್ನು ಕಾಯಿಸಿಬಿಡುತ್ತದೆ. ಆರುವ ಮೊದಲೇ ಇನ್ನೊಂದು ಗುಂಡು, ಮತ್ತೊಂದು. ಉಜ್ಜಾಟದ ಪಾಲೂ ಇದೆ, ಆದರೆ ಸಣ್ಣದು. ಮದ್ದಿನ ಶಕ್ತಿಯಲ್ಲಿ ಗುಂಡಿನ ಓಟಕ್ಕೆ ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಹೊಗೆಯ ಜೊತೆ ಹೋಗುತ್ತದೆ, ಇಲ್ಲವೇ ನಳಿಗೆಯಲ್ಲೇ ನಿಲ್ಲುತ್ತದೆ.

ಬೆಂಜಮಿನ್ ಥಾಂಪ್ಸನ್ ಎಂಬಾತ 1781ರಲ್ಲಿ ಒಂದು ವಿಚಿತ್ರ ಸಂಗತಿ ಬರೆದ: ಗುಂಡು ಹಾಕದೆ ಬರೀ ಮದ್ದು ಹಾರಿಸಿದರೆ ಕೋವಿ ಇನ್ನೂ ಹೆಚ್ಚು ಕಾಯುತ್ತದೆ. ಉಜ್ಜಲು ಗುಂಡೇ ಇಲ್ಲ, ಆದರೂ ಬಿಸಿ ಜಾಸ್ತಿ! ಮುಂದೆ ಕೌಂಟ್ ರಮ್‌ಫರ್ಡ್ ಎಂದು ಹೆಸರಾದ ಅದೇ ಮನುಷ್ಯ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಸುತ್ತ, ಬರೀ ಉಜ್ಜಾಟದಿಂದ ಎರಡೂವರೆ ಗಂಟೆಯಲ್ಲಿ ನೀರು ಕುದಿಸಿ ತೋರಿಸಿದ. ಆ ಪ್ರಬಂಧ ಬಂದದ್ದು 1798ರಲ್ಲಿ. ನಮ್ಮ ಟೆಂಟಿನ ಎರಡೂ ಪಕ್ಷಕ್ಕೆ ಅವನೊಬ್ಬನೇ ಸಾಕ್ಷಿ.

ಇದನ್ನೆಲ್ಲ ಊರಿಗೆ ಹೋದಾಗ ಅಜ್ಜಿಗೆ ಉತ್ಸಾಹದಿಂದ ಹೇಳಿದೆ. ಅಜ್ಜಿಯ ತವರು ಗೌರಿಬಿದನೂರಿನ ಕಡೆ, ಆಗದು ಕೋಲಾರ ಜಿಲ್ಲೆಯೇ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಅವಳು ಚಿಕ್ಕ ಹುಡುಗಿ. ಆ ಸಂಜೆ ಊರಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ ಎಂದಷ್ಟೇ ಹೇಳುತ್ತಿದ್ದಳು.

ನನ್ನ ವಿವರಣೆ ಮುಗಿದ ಮೇಲೆ ಕೇಳಿದಳು:

"ಹಂಗಾದ್ರೆ ಹೊಡೆದೋರ ಕೈ ಸುಡಲ್ವೇನಪ್ಪಾ?"

"ಇಲ್ಲಜ್ಜಿ. ಕೈ ಹಿಡಿಯೋ ಜಾಗದಲ್ಲಿ ಮರ ಇರುತ್ತೆ. ಮರ ಬಿಸಿ ದಾಟಿಸಲ್ಲ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದಕ್ಕೇ ಮರ ಹಾಕವ್ರೆ ಅನ್ನು" ಎಂದು ಅವರೆಕಾಯಿ ಬಿಡಿಸತೊಡಗಿದಳು.